ಅಳತೆ ಚೀಟಿಯ ಹಿಂಬದಿ

ಮಾರ್ಚ್ 9

ಅಕ್ಕನವರಿಗೆ ಬಡಗಿಯ ನಮಸ್ಕಾರಗಳು.

ಯಾವ ಬಡಗಿ ಎಂದು ಹುಬ್ಬೇರಿಸಬೇಡಿ. ನಿಮ್ಮ ಹೊಲಿಗೆ ಯಂತ್ರದ ಮೇಜಿಗೆ ಕುಂಟದ ಕಾಲು ಮಾಡಿಕೊಟ್ಟವನು, ಜೇನು ಸಾಕುವವರ ಸಂಘದ ಪಟ್ಟಿಯಲ್ಲಿ ಏಳನೆಯವನಾಗಿದ್ದವನು. ಊರು ಬಿಟ್ಟು ಮೂರು ವರ್ಷವಾದರೂ ಒಂದು ಸಾಲು ಬರೆಯದೆ, ಈಗ ಯಾವ ಮುಖ ಇಟ್ಟುಕೊಂಡು ಬರೆಯುತ್ತಾನೆ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿ ಎರಡು ಸಲ ಪೆನ್ನು ಕೆಳಗಿಟ್ಟಿದ್ದೇನೆ.

ವಿಷಯ ಇಷ್ಟೇ. ನಾನೀಗ ಕೆಲಸ ಮಾಡುವ ಕಾರ್ಖಾನೆಯಲ್ಲಿ ಬಾಗಿಲು, ಕಿಟಕಿ, ಕಪಾಟು ತಯಾರಾಗುತ್ತವೆ. ಹೋದ ಸೋಮವಾರ ಹಿತ್ತಲಲ್ಲಿ ಒಟ್ಟಿದ್ದ ಹಲಗೆಗಳ ಮೇಲೆ ಒಂದು ಜೇನುಹಿಂಡು ಬಂದು ಕೂತಿತು. ಎರಡು ಬೊಗಸೆಗೂ ಮಿಕ್ಕಿದ ಹುಳ, ತಣ್ಣಗೆ ನೇತಾಡುತ್ತಿತ್ತು. ಆಳೆತ್ತರವೂ ಇರಲಿಲ್ಲ. ಒಂದು ರಟ್ಟಿನ ಡಬ್ಬ ಹಿಡಿದು ಒಂದೇ ಸಲ ಕೊಡವಿದ್ದರೆ ಸಾಕಿತ್ತು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಜೊತೆಗಾರರು ಹೆದರಿ ಒಳಗೆ ಸೇರಿಕೊಂಡರು. ಯಾರಾದರೂ ಬಲ್ಲವರಿದ್ದೀರಾ ಎಂದು ಮಾಲೀಕರು ಕೂಗಿ ಕೇಳಿದರು. ನಾನು ಮುಂದೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಅವರು ಔಷಧಿ ಹೊಡೆಯುವವನನ್ನು ಕರೆಸಿದರು. ಮರುದಿನ ಆ ಹಲಗೆಗಳ ಕೆಳಗೆ ಗುಡಿಸಿದವನು ನಾನೇ. ಮೊರದ ತುಂಬ ಬಂತು.

ನಿಮ್ಮ ಊರಲ್ಲಿ ಎಲ್ಲಿ ಹಿಂಡು ಕೂತರೂ ಜನ ನಿಮಗೆ ಫೋನ್ ಮಾಡುತ್ತಾರೆ, ನೀವು ಪಟ್ಟಿ ನೋಡಿ ಹತ್ತಿರದ ಸಾಕಣೆಯವರನ್ನು ಕಳಿಸುತ್ತೀರಿ. ಈ ಊರಿನಲ್ಲಿ ಹಾಗೆ ಪಟ್ಟಿ ಇಟ್ಟುಕೊಂಡವರು ಯಾರು? ಗೊತ್ತಿದ್ದರೆ ಅವರ ನಂಬರು ಬರೆದು ಕಳಿಸಿ. ಹಲಗೆಯ ವಾಸನೆಗೆ ಇನ್ನೊಂದು ಹಿಂಡು ಬಂದೇ ಬರುತ್ತದೆ. ಆಗಲಾದರೂ ನಂಬರು ಕೊಟ್ಟು ಸುಮ್ಮನಿರುತ್ತೇನೆ.

ಫೋನ್ ಮಾಡಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತನ್ನು ನಾನು ಈಗ ನಂಬುವುದಿಲ್ಲ, ಅದರಲ್ಲೂ ನಾನು ಆಡಿದ್ದನ್ನು. ಕಾಗದದಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಕೆಲವು ದಿನ ಎರಡು ಸಲ. ಮನೆಯವಳು "ನಿಮ್ಮನ್ನ ಕಟ್ಕೊಂಡಿದ್ದು ನಾನೋ ಆ ಬೀಗಾನೋ?" ಎಂದು ಕೇಳುತ್ತಾಳೆ.

ಇಂತಿ,
ಬಡಗಿ


ಮಾರ್ಚ್ 15

ತಮ್ಮ ಬಡಗಿಗೆ ಅಕ್ಕನ ಆಶೀರ್ವಾದ.

ನಿನ್ನ ಕೈಬರಹ ಲಕೋಟೆಯ ಮೇಲೆ ಕಂಡಾಗ ಕತ್ತರಿ ಕೈಜಾರಿ ಕಾಲ ಬಳಿ ಬಿತ್ತು. ಸದ್ಯ, ಬೆರಳು ಉಳಿಯಿತು. ಎಷ್ಟು ಸಂತೋಷವಾಯಿತು ಎಂದು ಬರೆಯಲಾರೆ.

ನಿಮ್ಮ ಊರಿನ ಪಟ್ಟಿ ಒಬ್ಬ ಔಷಧದ ಅಂಗಡಿಯಾಕೆಯ ಬಳಿ ಇದೆ. ನಂಬರು ಕೆಳಗೆ ಬರೆದಿದ್ದೇನೆ. ಗಟ್ಟಿಗಿತ್ತಿ, ಆದರೆ ಅವಳ ಪಟ್ಟಿಯಲ್ಲಿ ಇರುವವರು ಮೂರೇ ಜನ. ಅದರಲ್ಲಿ ಒಬ್ಬನಿಗೆ ಏಣಿ ಕಂಡರೆ ತಲೆ ಸುತ್ತು.

ಇಲ್ಲಿ ಹಂಗಾಮು ಶುರುವಾಗಿದೆ. ನಿನ್ನೆ ಒಬ್ಬರು ಫೋನ್ ಮಾಡಿ ಟೆರೇಸಿನ ಕಂಬಿಯ ಮೇಲೆ ಭಾರೀ ಹಿಂಡು ಎಂದರು. ನಾನು ಎಂದಿನಂತೆ ಕೇಳಿದೆ: ಎಷ್ಟು ಎತ್ತರ, ಎಷ್ಟು ಗಾತ್ರ, ಯಾವಾಗ ಬಂದು ಕೂತಿತು, ಸುಮ್ಮನೆ ನೇತಾಡುತ್ತಿವೆಯೋ ಎರಿ ಕಟ್ಟಿವೆಯೋ. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟರು. ನಮ್ಮ ಪಟ್ಟಿಯ ಬೇಕರಿಯವನನ್ನು ಕಳಿಸಿದೆ. ಅವನು ಮೂರು ಮಹಡಿ ಹತ್ತಿ ನೋಡಿದರೆ ಅದು ಒಣಗಲು ಹಾಕಿದ್ದ ನೆಲ ಒರೆಸುವ ಜೂಲು. ಬಂದವನು ನನ್ನ ಮುಖ ನೋಡಿ, "ಅಕ್ಕಾ, ಮುಂದಿನ ಸಲ ಹಾರ್ತಿದ್ಯಾ ಅಂತಾನೂ ಕೇಳಿ" ಎಂದ.

ನೀನು ಕೈಕಟ್ಟಿ ನಿಂತೆ ಎಂದು ಓದಿ ಬೇಜಾರಾಯಿತು. ನಿನ್ನಷ್ಟು ಮೆತ್ತಗೆ ಹಿಂಡು ಇಳಿಸುವ ಕೈ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಏಳನೆಯ ಸಾಲು ಹಾಗೇ ಖಾಲಿ ಬಿಟ್ಟಿದ್ದೇನೆ, ಯಾರನ್ನೂ ಸೇರಿಸಿಲ್ಲ. ನೀನು ಮತ್ತೆ ಪೆಟ್ಟಿಗೆ ಮುಟ್ಟಬೇಕು. ಅಲ್ಲಾದರೂ ಸರಿ, ಇಲ್ಲಾದರೂ ಸರಿ. ಹಳೆಯದನ್ನೆಲ್ಲ ಯಾಕೆ ಎತ್ತಿಕೊಳ್ಳುತ್ತೀ?

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು.

ಅಕ್ಕ


ಮಾರ್ಚ್ 22

ಅಕ್ಕನವರಿಗೆ ನಮಸ್ಕಾರ.

ಏಳನೆಯ ಸಾಲು ಖಾಲಿ ಬಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಅದನ್ನು ಓದಿ ಹೊರಗೆ ಹೋಗಿ ಕೂತೆ. ನಿಮ್ಮ ಮನಸ್ಸು ದೊಡ್ಡದು ಅಕ್ಕಾ. ಆ ದೊಡ್ಡ ಮನಸ್ಸೇ ನನ್ನನ್ನು ಇನ್ನಷ್ಟು ಕುಗ್ಗಿಸುತ್ತದೆ.

ಹಳೆಯದನ್ನು ಎತ್ತಬೇಡ ಎನ್ನುತ್ತೀರಿ. ಒಂದು ಸಲ ಎತ್ತುತ್ತೇನೆ, ತಾಳ್ಮೆಯಿಂದ ಓದಿ. ಆಗ ಸಂಘದ ಸಭೆ ಮುಗಿದ ಕೂಡಲೇ ಎದ್ದು ಹೋದೆ, ಆಮೇಲೆ ಊರನ್ನೇ ಬಿಟ್ಟೆ. ನಿಮ್ಮೆದುರು ಕ್ಷಮೆ ಕೂಡ ಕೇಳಲಿಲ್ಲ.

ಅವತ್ತು ಗುರುವಾರ. ನನಗೆ ಎರಡು ಹಿಂಡು ಇತ್ತು. ಬೆಳಿಗ್ಗೆ ಬ್ಯಾಂಕಿನ ಗೋಡೆಯದು, ಮಧ್ಯಾಹ್ನ ಗ್ರಂಥಾಲಯದ ಅಂಗಳದ್ದು. ಗ್ರಂಥಾಲಯದಲ್ಲಿ ಹಿಂಡನ್ನು ಪೆಟ್ಟಿಗೆಗೆ ಕೊಡವಿ, ಕಲ್ಲುಬೆಂಚಿನ ಕೆಳಗೆ ನೆರಳಲ್ಲಿಟ್ಟೆ. ಹೊರಗೆ ಹಾರುತ್ತಿದ್ದ ಹುಳ ಒಳಸೇರಲಿ ಎಂದು ಮುಚ್ಚಳಕ್ಕೆ ಕಡ್ಡಿ ಕೊಟ್ಟು ಸಂದು ಬಿಟ್ಟೆ. ಆರೂವರೆಗೆ ಬಂದು ಒಯ್ಯಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಊಟದ ಹೊತ್ತು, ಕಚೇರಿಗೆ ಬೀಗ, ಕಾವಲುಗಾರನೂ ಮನೆಗೆ ಹೋಗಿದ್ದ. ಸಂಘದ ನಿಯಮ ನಿಮಗೆ ನಾನು ಹೇಳಬೇಕಾಗಿಲ್ಲ. ಪೆಟ್ಟಿಗೆ ಇಟ್ಟವನು ಪಟ್ಟಿಯವರಿಗೆ ಹೇಳಬೇಕು, ಪಟ್ಟಿಯವರು ಪುಸ್ತಕದಲ್ಲಿ ಬರೆದುಕೊಂಡು ಜಾಗದವರಿಗೆ ತಿಳಿಸಬೇಕು.

ಈಗ ನನ್ನ ತಲೆಯ ಕಥೆ ಕೇಳಿ. ಎದುರಿನ ಸೈಕಲ್ ಅಂಗಡಿಯಿಂದ ನಿಮಗೆ ಫೋನ್ ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಅಂಗಡಿಯ ಗೋಡೆಯ ಮೇಲೆ ಕುದುರೆಯ ಚಿತ್ರದ ಕ್ಯಾಲೆಂಡರು. ಫೋನಿಗೆ ಗ್ರೀಸು ಮೆತ್ತಿತ್ತು. ನೀವು "ಹ್ಞೂಂ, ಆಯ್ತು, ಹೇಳ್ತೀನಿ" ಎಂದಿರಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಾತಾಡುತ್ತೀರಲ್ಲ, ಹಾಗೆ ಧ್ವನಿ ಮುದ್ದೆಯಾಗಿತ್ತು. ಇಷ್ಟೆಲ್ಲ ನೆನಪಿದೆ. ಆದರೆ ನಿಮ್ಮ ಪುಸ್ತಕದಲ್ಲಿ ಅದು ಇಲ್ಲ. ಅಧ್ಯಕ್ಷರು ಕೇಳಿದಾಗ ನೀವು ಪುಟ ತಿರುವಿ ನೋಡಿ, ಇಲ್ಲ ಎಂದಿರಿ. ಸೈಕಲ್ ಅಂಗಡಿಯವನೂ ದಿನಕ್ಕೆ ಹತ್ತು ಜನ ಫೋನ್ ಮಾಡ್ತಾರೆ, ನೆನಪಿಲ್ಲ ಎಂದ.

ನಿಮ್ಮ ಪುಸ್ತಕದಲ್ಲಿ ಇಲ್ಲದ್ದು ನಡೆದಿಲ್ಲ. ಹದಿನಾಲ್ಕು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ. ಅಂದರೆ ಕುದುರೆ, ಗ್ರೀಸು, ಗುಂಡುಪಿನ್ನು ಎಲ್ಲ ನನ್ನ ತಲೆ ಆಮೇಲೆ ಕಟ್ಟಿಕೊಂಡಿದ್ದು, ತಪ್ಪು ಮುಚ್ಚಿಕೊಳ್ಳಲಿಕ್ಕೆ. ಫೋನ್ ಮಾಡಿದ್ದು ಬೆಳಿಗ್ಗೆಯ ಬ್ಯಾಂಕಿನ ಹಿಂಡಿಗಿರಬೇಕು. ಇಂಥ ತಲೆಯನ್ನು ಹೆಗಲ ಮೇಲೆ ಹೊತ್ತುಕೊಂಡು ತಿರುಗುವವನು ಜೇನು ಪೆಟ್ಟಿಗೆ ಮುಟ್ಟಬಾರದು.

ಐದಕ್ಕೆ ಗಂಟೆ ಬಾರಿಸಿ ಬಾಗಿಲು ಹಾಕಲು ಬಂದ ಆ ಕಾವಲುಗಾರ, ಯಾರೋ ಓದಲು ಬಂದವರು ಮರೆತುಹೋದ ಪೆಟ್ಟಿಗೆ ಎಂದುಕೊಂಡು ಎತ್ತಿದನಂತೆ. ಒಳ್ಳೆಯ ಮನಸ್ಸಿನಿಂದಲೇ ಎತ್ತಿದ್ದಾನೆ. ಮುಚ್ಚಳ ಜಾರಿ ಹುಳ ಮುಖಕ್ಕೆ, ಕಣ್ಣಿಗೆ ಮುತ್ತಿದವು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ನಾನು ಒಂದು ದಿನ ಮೆಟ್ಟಿಲವರೆಗೆ ಹೋಗಿ ವಾಪಸು ಬಂದೆ. ಅವನ ಕಣ್ಣು ಈಗ ಹೇಗಿದೆ? ಅದೊಂದು ಬರೆಯಿರಿ.

ಬಡಗಿ


ಏಪ್ರಿಲ್ 19

ತಮ್ಮನಿಗೆ,

ತಡವಾಯಿತು. ಹಂಗಾಮಿನ ಗಲಾಟೆ, ಜೊತೆಗೆ ಆಸ್ಪತ್ರೆಯ ದಾದಿಯರ ಸಮವಸ್ತ್ರ ನಲವತ್ತು ಜೊತೆ ಒಟ್ಟಿಗೆ ಬಂತು. ಪೆಡಲು ತುಳಿದು ತುಳಿದು ಕಾಲು ನನ್ನದೋ ಯಂತ್ರದ್ದೋ ತಿಳಿಯುತ್ತಿಲ್ಲ.

ಗ್ರಂಥಾಲಯದ ಗಂಟೆ ಮಾಮ ಚೆನ್ನಾಗಿದ್ದಾನೆ. ಎಲ್ಲರೂ ಅವನನ್ನು ಹಾಗೇ ಕರೆಯುವುದು, ನಿನಗೂ ಗೊತ್ತು. ಈಗಲೂ ಐದಕ್ಕೆ ಸರಿಯಾಗಿ ಗಂಟೆ ಬಾರಿಸುತ್ತಾನೆ. ಅವನ ಅಂಗಿ ಹೊಲಿಯುವವಳು ನಾನೇ. ಕಣ್ಣಿಗೆ ಏನೂ ತೊಂದರೆಯಿಲ್ಲ. ನೀನು ಆ ಚಿಂತೆ ಬಿಡು.

ಮೂರು ವರ್ಷ ಎಂದರೆ ಬಹಳ ಆಯಿತು. ಯಾರಿಗೂ ಈಗ ಅದು ನೆನಪಿಲ್ಲ. ಒಬ್ಬ ಮನುಷ್ಯ ಒಂದು ಫೋನ್ ಮರೆತರೆ ಅವನನ್ನು ಜೀವನಪೂರ್ತಿ ಶಿಕ್ಷಿಸಬೇಕೇ? ಯಾರೇ ಮರೆತಿದ್ದರೂ ಅಷ್ಟೇ.

ಪಾರ್ಸೆಲ್‌ನಲ್ಲಿ ಒಂದು ಮುಖದ ಬಲೆ ಇದೆ. ನಾನೇ ಹೊಲಿದದ್ದು. ಕತ್ತಿನ ಸುತ್ತ ಎರಡು ಪದರ ಕೊಟ್ಟಿದ್ದೇನೆ. ಅಳತೆ ಹಳೆಯದೇ, ನಿನ್ನ ತಲೆ ದಪ್ಪವಾಗಿರಲಾರದು. ಹಾಕಿಕೋ. ದಯವಿಟ್ಟು ಹಾಕಿಕೋ.

ಅಕ್ಕ


ಏಪ್ರಿಲ್ 27

ಅಕ್ಕನವರಿಗೆ ನಮಸ್ಕಾರ.

ಬಲೆ ಸಿಕ್ಕಿತು. ಸರಿಯಾಗಿ ಕೂತಿತು. ಕಾವಲುಗಾರನ ಕಣ್ಣಿಗೆ ಏನೂ ಆಗಿಲ್ಲ ಎಂದು ಓದಿ, ಆ ಸಾಲನ್ನು ಮನೆಯವಳಿಗೂ ತೋರಿಸಿದೆ. ಅವಳು ಅವತ್ತು ದೀಪ ಹಚ್ಚುವ ಹೊತ್ತಿಗೆ ಏನೋ ಗುನುಗುತ್ತಿದ್ದಳು. ನಮ್ಮ ಮನೆಯಲ್ಲಿ ಹಾಡು ಕೇಳಿ ಬಹಳ ದಿನವಾಗಿತ್ತು.

ಆ ಧೈರ್ಯದ ಮೇಲೆ ಔಷಧದ ಅಂಗಡಿಯಾಕೆಗೆ ಫೋನ್ ಮಾಡಿದೆ. ಮರುದಿನವೇ ಅವಳು, ಒಂದು ಕೊರಿಯರ್ ಆಫೀಸಿನ ಹೊರಗೆ ಹಿಂಡು ಕೂತಿದೆ, ಏಣಿಗೆ ಹೆದರದವರು ಬೇಕು ಎಂದಳು. ಒಬ್ಬರು ಜೊತೆಯಲ್ಲಿ ನಿಂತು ನಾನು ಆಡುವುದನ್ನೆಲ್ಲ ಬರೆದುಕೊಂಡರೆ ಮಾತ್ರ ಬರುತ್ತೇನೆ ಎಂದೆ. ಅವಳು ನಕ್ಕಳು, ಆದರೆ ತಾನೇ ಬಂದಳು.

ಹಿಂಡು ಇಳಿಸಿದೆ. ಕೈ ಮರೆತಿರಲಿಲ್ಲ. ರಾಣಿ ಒಳಹೋದಳು, ಅವಳ ಹಿಂದೆ ಉಳಿದವು ಸಾಲುಗಟ್ಟಿದವು. ಅಷ್ಟು ಹೊತ್ತು ನಾನು ಹಳೆಯ ಮನುಷ್ಯನೇ ಆಗಿದ್ದೆ. ಆಮೇಲೆ ಪೆಟ್ಟಿಗೆ ಇಟ್ಟು, ಆಫೀಸಿನವರಿಗೆ ಆರೂವರೆಯವರೆಗೆ ಮುಟ್ಟಬೇಡಿ ಎಂದು ಹೇಳಿದೆ. ಅವಳು ಅದನ್ನು ಬರೆದುಕೊಂಡು ಅಂಗಡಿಗೆ ಹೋದಳು, ನಾನೂ ಹೊರಟೆ. ಬಸ್ ನಿಲ್ದಾಣದಲ್ಲಿ, ಹೇಳಿದೆನೋ ಇಲ್ಲವೋ ಎಂಬ ಅನುಮಾನ ಬಂತು. ವಾಪಸು ಹೋಗಿ ಹೇಳಿದೆ. ಮತ್ತೆ ನಿಲ್ದಾಣಕ್ಕೆ ಬಂದೆ, ಮತ್ತೆ ವಾಪಸು ಹೋದೆ. ನಾಲ್ಕನೆಯ ಸಲ ಅಲ್ಲಿಯ ಗುಮಾಸ್ತ "ಸ್ವಾಮೀ, ನಿಮಗೆ ಹುಷಾರಿಲ್ವಾ?" ಎಂದು ಕೇಳಿದ. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಪೆಟ್ಟಿಗೆಯ ಪಕ್ಕದಲ್ಲೇ ಆರೂವರೆಯವರೆಗೆ ಕೂತೆ.

ಕಾರ್ಖಾನೆಯಲ್ಲಿ ನನ್ನನ್ನು ಮೇಸ್ತ್ರಿ ಮಾಡುತ್ತೇವೆ ಎಂದಿದ್ದರು. ಹತ್ತು ಜನರಿಗೆ ಅಳತೆ ಹೇಳಬೇಕಾದ ಕೆಲಸ. ಅದಕ್ಕೂ ಬೇಡ ಎಂದು ಹೇಳಿಬಂದೆ. ಕೊಟ್ಟ ಅಳತೆಯನ್ನೇ ಹೇಳಿದೆನೋ ಇಲ್ಲವೋ ಎಂದು ತಿಳಿಯದವನು ಮೇಸ್ತ್ರಿಯಾಗಿ ಏನು ಮಾಡಲಿ? ಮನೆಯವಳು ಎರಡು ದಿನ ಮಾತು ಬಿಟ್ಟಳು.

ಬಲೆಯನ್ನು ವಾಪಸು ಕಳಿಸುತ್ತಿದ್ದೇನೆ. ಯಾರಾದರೂ ಯೋಗ್ಯರಿಗೆ ಕೊಡಿ.

ಒಂದು ನಿರ್ಧಾರ ಮಾಡಿದ್ದೇನೆ. ಮುಂದಿನ ತಿಂಗಳು ಹತ್ತನೆಯ ತಾರೀಖು ರಜೆ ಹಾಕಿ ಊರಿಗೆ ಬರುತ್ತೇನೆ. ಗಂಟೆ ಮಾಮನ ಎದುರು ನಿಂತು, ಫೋನ್ ಮಾಡುವುದನ್ನು ಮರೆತವನು ನಾನೇ ಎಂದು ಹೇಳಿ ಕ್ಷಮೆ ಕೇಳುತ್ತೇನೆ. ನೀವು ಜೊತೆಯಲ್ಲಿ ಬಂದರೆ ನನಗೆ ಬಲ. ನೀವು ಪಕ್ಕದಲ್ಲಿದ್ದರೆ ನಾನು ಸುಳ್ಳು ಹೇಳುತ್ತಿಲ್ಲ ಎಂದು ಅವನಿಗೂ ನಂಬಿಕೆ ಬರುತ್ತದೆ.

ಬಡಗಿ


ಮೇ 2

ತಮ್ಮನಿಗೆ,

ಬರಬೇಡ. ಈ ಕಾಗದವನ್ನು ಕೊನೆಯವರೆಗೆ ಓದು, ಆಮೇಲೆ ನಿನ್ನಿಷ್ಟ.

ಜೊತೆಗೆ ಒಂದು ಚೀಟಿ ಇಟ್ಟಿದ್ದೇನೆ. ಮೊದಲು ಅದನ್ನು ನೋಡು. ಒಂದು ಬದಿಯಲ್ಲಿ ದಾದಿಯೊಬ್ಬಳ ಅಳತೆ: ಎದೆ ಮೂವತ್ತಾರು, ತೋಳು ಹತ್ತೊಂಬತ್ತು, ಉದ್ದ ನಲವತ್ತೆರಡು. ತಿರುವಿ ನೋಡು. ಅದು ನನ್ನ ಅಕ್ಷರ. "ಗ್ರಂಥಾಲಯ. ಬೆಂಚಿನ ಕೆಳಗೆ. ಆರೂವರೆ. ಯಾರೂ ಮುಟ್ಟಬಾರದು. ಕಾವಲುಗಾರನಿಗೆ ಹೇಳಬೇಕು." ಕೆಳಗೆ, "ಬಡಗಿ, 2.15."

ನೀನು ಫೋನ್ ಮಾಡಿದ್ದೆ.

ಆ ದಾದಿ ಕನ್ನಡಿಯ ಮುಂದೆ ನಿಂತಿದ್ದಳು. ನಾನು ಅವಳ ತೋಳಿನ ಮೇಲೆ ಬಟ್ಟೆ ಹರಡಿ ಪಿನ್ನು ಹಾಕುತ್ತಿದ್ದೆ. ಬಾಯಲ್ಲಿ ಪಿನ್ನು ಇತ್ತು, ನಿನ್ನ ಕಿವಿ ಸರಿಯಾಗಿಯೇ ಕೇಳಿತ್ತು. ಪುಸ್ತಕ ಒಳಗಿನ ಕೋಣೆಯಲ್ಲಿತ್ತು. ಎದ್ದು ಹೋಗಲು ಸೋಮಾರಿತನ. ಕೈಗೆ ಸಿಕ್ಕ ಅಳತೆ ಚೀಟಿಯ ಹಿಂದೆ ಬರೆದೆ, ಇವಳು ಹೋದ ತಕ್ಷಣ ಪುಸ್ತಕಕ್ಕೆ ಇಳಿಸಿ ಗ್ರಂಥಾಲಯಕ್ಕೆ ಫೋನ್ ಮಾಡೋಣ ಎಂದುಕೊಂಡೆ. ಆಮೇಲೆ ಎಂದಿನ ಅಭ್ಯಾಸದಂತೆ ಚೀಟಿಯನ್ನು ಬಟ್ಟೆಗೆ ಪಿನ್ನು ಮಾಡಿ, ಮಡಿಸಿ, ಕಪಾಟಿನಲ್ಲಿಟ್ಟೆ. ಅಷ್ಟರಲ್ಲಿ ಇನ್ನೊಂದು ಫೋನ್ ಬಂತು, ಯಾರದೋ ಹಟ್ಟಿಯ ಮಾಡಿನಲ್ಲಿ ಹಿಂಡು. ನಿನ್ನದು ನನ್ನ ತಲೆಯಿಂದ ಪೂರ್ತಿ ಅಳಿಸಿಹೋಯಿತು. ಸಂಜೆ ಗಂಟೆ ಮಾಮನನ್ನು ಆಸ್ಪತ್ರೆಗೆ ಒಯ್ದರು ಎಂದು ಕೇಳಿದಾಗ, ಬಡಗಿ ಯಾಕೆ ನನಗೆ ಹೇಳಲಿಲ್ಲ ಎಂದು ನಿಜವಾಗಿಯೂ ನಿನ್ನ ಮೇಲೆ ಸಿಟ್ಟಾದೆ. ಅಷ್ಟರಮಟ್ಟಿಗೆ ಮಾತ್ರ ನಾನು ನಿರಪರಾಧಿ.

ಶನಿವಾರ ಬೆಳಿಗ್ಗೆ ಕತ್ತರಿಸಲು ಆ ಬಟ್ಟೆ ಬಿಡಿಸಿದೆ. ಚೀಟಿ ಸಿಕ್ಕಿತು. ಸಭೆ ಇದ್ದದ್ದು ಭಾನುವಾರ.

ಒಂದು ದಿನ ಪೂರ್ತಿ ನನ್ನ ಕೈಯಲ್ಲಿತ್ತು. ಹೇಳುತ್ತೇನೆ ಎಂದೇ ಹೊರಟೆ. ಚೀಟಿ ಕೈಚೀಲದಲ್ಲೇ ಇತ್ತು. ಸಭೆಯಲ್ಲಿ ಮೂವತ್ತು ಜನ. ಅಧ್ಯಕ್ಷರು ನಿನ್ನನ್ನು ಕೇಳಿದರು, ನೀನು "ಫೋನ್ ಮಾಡಿದ್ದೆ, ಅಕ್ಕನ ಹತ್ರ ಹೇಳಿದ್ದೆ" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕನ ಪುಸ್ತಕ ತಪ್ಪುವುದಿಲ್ಲ ಎಂದು ಅವರ ಮುಖದಲ್ಲಿತ್ತು. ನಿನ್ನ ಮುಖದಲ್ಲೂ ಇತ್ತು. ಆ ಒಂದು ಹೆಸರು ಬಿಟ್ಟರೆ ನನ್ನ ಬಳಿ ಬೇರೆ ಏನಿದೆ? ಅಧ್ಯಕ್ಷರು ಕೇಳಿದರು, ನಾನು ಪುಟ ತಿರುವಿ ಹೇಳಿದೆ:

"ಪುಸ್ತಕದಲ್ಲಿ ಇಲ್ಲ."

ಅದು ನಿಜವೇ ಆಗಿತ್ತು. ನಾನು ಸುಳ್ಳು ಹೇಳಲಿಲ್ಲ, ಪುಸ್ತಕದಲ್ಲಿ ಇಲ್ಲ ಎಂದೆ ಅಷ್ಟೇ ಎಂದು ಮೂರು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನೀನು ವಾದ ಮಾಡುತ್ತೀ ಎಂದುಕೊಂಡಿದ್ದೆ. ಜಗಳ ಆಡಿದ್ದರೆ ಚೀಟಿ ತೆಗೆಯುತ್ತಿದ್ದೆನೇನೋ. ನೀನು ನನ್ನನ್ನೇ ನೋಡುತ್ತಾ, "ಹಾಗಾದ್ರೆ ನಾನು ಮಾಡಿಲ್ಲ" ಎಂದು ಕೂತುಬಿಟ್ಟೆ.

ನೀನು ಮರೆತೆ ಎಂದು ಜನ ಆಡಿಕೊಂಡರೆ ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ಎಣಿಸಿದ್ದೆ. ನೀನು ನಿನ್ನ ತಲೆಯನ್ನೇ ನಂಬದಂತೆ ಆಗುತ್ತೀ ಎಂದು ನನಗೆ ಹೊಳೆಯಲೇ ಇಲ್ಲ. ನಿನ್ನ ಮಾರ್ಚ್ ತಿಂಗಳ ಕಾಗದದಲ್ಲಿ ಕುದುರೆಯ ಕ್ಯಾಲೆಂಡರು ಓದಿದಾಗ ತಿಳಿಯಿತು. ಆಗಲೂ ಬರೆಯಲಿಲ್ಲ. ಬದಲಿಗೆ ಬಲೆ ಹೊಲಿದು ಕಳಿಸಿದೆ. ಎಂಥ ಹೆಂಗಸು ನಾನು ಎಂದು ನೋಡು.

ಇನ್ನೊಂದು ಇದೆ. ಗಂಟೆ ಮಾಮನ ಎಡಗಣ್ಣು ಮಂಜಾಗಿದೆ. ಅಂಗಿಯ ಬಟ್ಟೆ ಆರಿಸುವಾಗ ಬಲಗಣ್ಣಿನ ಹತ್ತಿರ ತಂದು ನೋಡುತ್ತಾನೆ. ಅವನಿಗೆ ಎದುರು ಕೂತು ಅಳತೆ ತೆಗೆಯುವವಳು ನಾನು. ಏನೂ ತೊಂದರೆಯಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು. ನಿನ್ನ ಹೆಂಡತಿ ಹಾಡಿದ್ದು ಆ ಸುಳ್ಳು ಓದಿ.

ನಾಚಿಕೆ ಎಂಬ ಮಾತು ಬರೆದು ಹೊಡೆದುಹಾಕಿದ್ದೇನೆ, ಅದು ಸಾಲುವುದಿಲ್ಲ. ಕ್ಷಮಿಸು ಎಂದು ಕೇಳುವ ಬಾಯಿಯೂ ನನಗಿಲ್ಲ. ನೀನು ಅವನೆದುರು ತಲೆತಗ್ಗಿಸಬೇಡ. ತಗ್ಗಿಸಬೇಕಾದ ತಲೆ ಇಲ್ಲಿದೆ.

ಅಕ್ಕ


ಮೇ 30

ತಮ್ಮನಿಗೆ,

ನಿನ್ನಿಂದ ಕಾಗದ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೆ ನಾನು ಏನು ಮಾಡಿದೆ ಎಂದು ನಿನಗೆ ಬರವಣಿಗೆಯಲ್ಲಿ ತಿಳಿಸಬೇಕು.

ಹನ್ನೆರಡನೆಯ ತಾರೀಖು ಸಂಘದ ಸಭೆಯಿತ್ತು. ಎದ್ದು ನಿಂತು ಎಲ್ಲ ಹೇಳಿದೆ. ಚೀಟಿ ನಿನ್ನ ಬಳಿ ಇರುವುದರಿಂದ ಅದರಲ್ಲಿದ್ದದ್ದನ್ನು ಬಾಯಿಪಾಠ ಹೇಳಿದೆ, ತೋಳು ಹತ್ತೊಂಬತ್ತು ಎನ್ನುವುದರಿಂದ ಹಿಡಿದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೇಕರಿಯವನು ನೆಲ ನೋಡುತ್ತಾ ಕೂತಿದ್ದ. ಅಧ್ಯಕ್ಷರು, "ಅಕ್ಕ, ಪುಸ್ತಕ ಇಲ್ಲಿ ಇಟ್ಟುಬಿಡಿ" ಎಂದರು. ಇಟ್ಟೆ. ಈಗ ಫೋನು ಬೇಕರಿಯವನ ಮನೆಗೆ ಹೋಗಿದೆ. ಅವನು ಎಲ್ಲರನ್ನೂ ಹಾರ್ತಿದ್ಯಾ ಎಂದು ಮೊದಲು ಕೇಳುತ್ತಾನಂತೆ.

ಪುಸ್ತಕ ಕೊಡುವ ಮೊದಲು ಆ ಗುರುವಾರದ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದೆ. 2.15, ಬಡಗಿ, ಗ್ರಂಥಾಲಯ, ನನಗೆ ತಿಳಿಸಿದ್ದಾನೆ, ನಾನು ತಿಳಿಸಲಿಲ್ಲ. ಪಕ್ಕದಲ್ಲಿ ಈ ವರ್ಷದ ತಾರೀಖು ಹಾಕಿ ಸಹಿ ಮಾಡಿದ್ದೇನೆ.

ಗಂಟೆ ಮಾಮನಿಗೆ ಗ್ರಂಥಾಲಯಕ್ಕೇ ಹೋಗಿ ಹೇಳೋಣ ಎಂದುಕೊಂಡಿದ್ದೆ. ಮಾರನೆಯ ದಿನ ಅವನೇ ಹೊಸ ಅಂಗಿಯ ಬಟ್ಟೆ ಹಿಡಿದು ಬಂದ. ಅಳತೆ ಟೇಪು ಕೊರಳಲ್ಲಿ ಹಾಗೇ ಇತ್ತು, ಹೇಳಿದೆ. ಅವನು ಪೂರ್ತಿ ಕೇಳಿದ. "ನೀವು ನನ್ನ ಅಂಗಿ ಎಷ್ಟು ಹೊಲಿದ್ರಿ ಅದಾದ್ಮೇಲೆ?" ಎಂದು ಕೇಳಿದ. ಐದು ಎಂದೆ. ಮೇಜಿನ ಮೇಲಿದ್ದ ಬಟ್ಟೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಎರಡು ದಿನ ಬಿಟ್ಟು ಮತ್ತೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತು ನಿನ್ನ ವಿಳಾಸ ಕೇಳಿದ. ಬರೆದುಕೊಟ್ಟೆ. ಅಕ್ಷರ ದೊಡ್ಡದಾಗಿ ಬರೆಯಿರಿ ಎಂದ.

ನನ್ನ ಮನೆಯಲ್ಲಿ ಈಗ ಫೋನು ಬಡಿದುಕೊಳ್ಳುವುದಿಲ್ಲ. ಹೊಲಿಗೆಗೆ ಬರುವವರೂ ಕಡಿಮೆಯಾಗಿದ್ದಾರೆ. ಇದನ್ನು ಕನಿಕರಕ್ಕೆಂದು ಬರೆಯುತ್ತಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಅಕ್ಕ


ಜೂನ್ 18

ಅಕ್ಕನವರಿಗೆ,

ನಾಲ್ಕು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ಬರೆದಿದ್ದ ಮಾತುಗಳನ್ನು ನಾನು ಯಾರಿಗೂ ಯಾವತ್ತೂ ಆಡಿದವನಲ್ಲ. ಹರಿದದ್ದು ಒಳ್ಳೆಯದಾಯಿತು.

ನಿಮ್ಮ ಚೀಟಿ ಬಂದ ದಿನ ಅದನ್ನು ಮನೆಯವಳ ಕೈಗೆ ಕೊಟ್ಟೆ. ಅವಳು ಎರಡೂ ಬದಿ ಓದಿದಳು. "ನಾನು ಆವತ್ತೇ ಹೇಳಿರ್ಲಿಲ್ವಾ, ನೀವು ಮರೆಯೋರಲ್ಲ ಅಂತ" ಎಂದಳು. ಹೌದು, ಹೇಳಿದ್ದಳು. ಅವಳ ಮಾತಿಗಿಂತ ನಿಮ್ಮ ಪುಸ್ತಕವನ್ನು ನಂಬಿದ್ದೆ. ಆ ತಪ್ಪು ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಅವಳೆದುರು ನನಗೆ ನಾಚಿಕೆಯಾಯಿತು.

ಉಳಿದದ್ದು ನಿಮ್ಮದೇ. ನನಗೆ ಸಿಟ್ಟಿದೆ ಅಕ್ಕಾ. ಫೋನ್ ಮಾಡಲು ಮರೆತದ್ದಕ್ಕಲ್ಲ, ಅದು ಯಾರಿಗೂ ಆಗುವಂಥದ್ದು. ಆ ಭಾನುವಾರ ನಾನು ನಿಮ್ಮ ಮುಖ ನೋಡಿಕೊಂಡೇ ಕೂತೆನಲ್ಲ, ಚೀಟಿ ಚೀಲದಲ್ಲಿಟ್ಟುಕೊಂಡು ನೀವೂ ನನ್ನ ಮುಖ ನೋಡಿದಿರಲ್ಲ, ಅದಕ್ಕೆ. ಕ್ಷಮಿಸಿದೆ ಎಂದು ಬರೆಯಲು ಕೂತರೆ ಕೈ ಓಡುವುದಿಲ್ಲ. ಇಲ್ಲದ್ದನ್ನು ಬರೆದು ನಾನೂ ಒಂದು ಸುಳ್ಳು ಸೇರಿಸುವುದು ಬೇಡ. ಸ್ವಲ್ಪ ಕಾಲ ನನಗೆ ಕಾಗದ ಹಾಕಬೇಡಿ. ಹಾಕಬೇಕು ಎನ್ನಿಸಿದಾಗ ನಾನೇ ಹಾಕುತ್ತೇನೆ.

ಗಂಟೆ ಮಾಮನ ಕಾಗದ ಬಂತು. ಒಂದೊಂದು ಅಕ್ಷರ ಹೆಬ್ಬೆರಳಿನಷ್ಟಿದೆ. ಅವರು ಹೀಗೆ ಬರೆದಿದ್ದಾರೆ: "ಆಸ್ಪತ್ರೆಯಲ್ಲಿದ್ದಾಗ ನೀವು ಮೆಟ್ಟಿಲವರೆಗೆ ಬಂದು ಹೋದದ್ದನ್ನು ನನ್ನ ಮಗಳು ನೋಡಿದ್ದಳು. ಮೇಲೆ ಬಂದಿದ್ದರೆ ಇಬ್ಬರೂ ಮೂರು ವರ್ಷ ಉಳಿಸಿಕೊಳ್ಳುತ್ತಿದ್ದೆವು. ಯಾವಾಗ ಬರುತ್ತೀರಿ? ಐದರೊಳಗೆ ಬನ್ನಿ, ಆಮೇಲೆ ಬಾಗಿಲು ಹಾಕುತ್ತೇನೆ."

ಮುಂದಿನ ತಿಂಗಳು ಹೋಗುತ್ತೇನೆ. ನಿಮ್ಮ ಬೀದಿಗೆ ಬರುತ್ತೇನೋ ಇಲ್ಲವೋ ಈಗ ಹೇಳಲಾರೆ. ಅವರ ಹೊಸ ಅಂಗಿ ಇನ್ನೂ ಹೊಲಿಸಿಲ್ಲವಂತೆ. ಬೇರೆಯವರು ತೋಳು ಸರಿಯಾಗಿ ಕೂರಿಸುವುದಿಲ್ಲ ಎಂದೂ ಬರೆದಿದ್ದಾರೆ. ಅದನ್ನು ನಿಮಗೆ ತಿಳಿಸಿ ಎಂದು ಅವರು ಹೇಳಿಲ್ಲ, ತಿಳಿಸಬೇಡಿ ಎಂದೂ ಹೇಳಿಲ್ಲ.

ಬಲೆಯನ್ನು ಯಾರಿಗೂ ಕೊಟ್ಟಿರದಿದ್ದರೆ ವಾಪಸು ಕಳಿಸಿ. ಕಾಗದ ಬೇಡ, ಬಲೆ ಸಾಕು. ಚೀಟಿ ನನ್ನ ಬಳಿಯೇ ಇರುತ್ತದೆ.

ಹೋದ ಮಂಗಳವಾರ ನಮ್ಮ ಕಾರ್ಖಾನೆಯ ಹಲಗೆಗಳ ಮೇಲೆ ಮತ್ತೊಂದು ಹಿಂಡು ಕೂತಿತು. ಹಂಗಾಮು ಮುಗಿಯುತ್ತ ಬಂದಿದೆ, ಅದಕ್ಕೇ ಚಿಕ್ಕದು, ಒಂದು ಬೊಗಸೆಯಷ್ಟು. ಬಲ್ಲವರು ಇದ್ದೀರಾ ಎಂದು ಮಾಲೀಕರು ಕೇಳುವ ಮೊದಲೇ ಮುಂದೆ ಹೋದೆ. ಬರಿ ಮುಖದಲ್ಲೇ ಇಳಿಸಿದೆ. ಪೆಟ್ಟಿಗೆಯನ್ನು ನೆರಳಲ್ಲಿಟ್ಟು, ಮುಚ್ಚಳಕ್ಕೆ ಕಡ್ಡಿ ಕೊಟ್ಟು, ಔಷಧದ ಅಂಗಡಿಯಾಕೆಗೆ ಫೋನ್ ಮಾಡಿ, ಆರೂವರೆಯವರೆಗೆ ಯಾರೂ ಮುಟ್ಟಬಾರದು ಎಂದು ಹೇಳಿದೆ. ಕಾರ್ಖಾನೆಯವರಿಗೂ ಹೇಳಿದೆ. ಆಮೇಲೆ ಊಟಕ್ಕೆ ಮನೆಗೆ ಹೊರಟೆ.

ಒಂದೇ ಸಲ ಹೇಳಿದ್ದು. ತಿರುವಿನಲ್ಲಿ ನಿಂತೆ, ಆದರೆ ವಾಪಸು ಹೋಗಲಿಲ್ಲ.

ಬಡಗಿ